ಆಯಿಲ್ ಸುರಿಯೋ ಮುಂಚೆ ಗಾಡಿ ನೆಟ್ಟಗೆ ನಿಲ್ಲಿಸಿ ನೋಡು, ಸಂತು

ಸಂತು, ಮಾವ ಮಾತಾಡ್ತಿರೋದು. ನಿನ್ನ ಫೋಟೋ ನೋಡಿದೆ, ಅದರ ಕೆಳಗೆ ಎಲ್ಲರೂ ಹಾಕಿದ್ದನ್ನೂ ಓದಿದೆ. ಟೈಪ್ ಮಾಡೋಕೆ ಕೂತ್ರೆ ಮುಗಿಯಲ್ಲ, ಅದಕ್ಕೆ ಮಾತಾಡೇ ಕಳಿಸ್ತಿದ್ದೀನಿ. ಉದ್ದ ಆಗ್ತದೆ, ಆದ್ರೂ ಪೂರ್ತಿ ಕೇಳು. ನೀನು ಕೇಳಿದ್ದು ಇಷ್ಟು: ಸ್ಪ್ಲೆಂಡರ್ ಸರ್ವಿಸ್ ಆಗಿ 1500 ಕಿಲೋಮೀಟರ್ ಓಡಿದೆ, ಆಯಿಲ್ ಅಳೆಯೋ ಕಡ್ಡಿಯಲ್ಲಿ ಆಯಿಲ್ ಕೆಳಗಿನ ಗೆರೆಗಿಂತ ಕೆಳಗಿದೆ, ಲೀಕ್ ಎಲ್ಲೂ ಕಾಣ್ತಿಲ್ಲ, ಹಾಗಾದ್ರೆ ಆಯಿಲ್ ಎಲ್ಲಿಗೆ ಹೋಯ್ತು ಅಂತ. ಭಾವ ಸರ್ವಿಸ್‌ನವರೇ ಕಮ್ಮಿ ಹಾಕಿದಾರೆ ಅಂದ್ರು. ಅಕ್ಕ, ಸ್ಕೂಟರಿಗೆ ತಂದಿದ್ದು ಅರ್ಧ ಡಬ್ಬಿ ಉಳಿದಿದೆ, ಅದನ್ನೇ ಹಾಕ್ಕೋ ಅಂದ್ಲು.

ಮೊದಲು ಆ ಫೋಟೋ. ನಿನ್ನ ಹಿಂದೆ ಗಾಡಿ ಸೈಡ್ ಸ್ಟ್ಯಾಂಡಲ್ಲಿ ಎಡಕ್ಕೆ ವಾಲಿಕೊಂಡಿದೆ ನೋಡು. ಸ್ಪ್ಲೆಂಡರಲ್ಲಿ ಆಯಿಲ್ ಕಡ್ಡಿ ಇರೋದು ಬಲಗಡೆ. ಗಾಡಿ ಎಡಕ್ಕೆ ವಾಲಿದ್ರೆ ಒಳಗಿರೋ ಆಯಿಲೂ ಎಡಕ್ಕೇ ಸರೀತದೆ, ಕಡ್ಡಿ ತುದಿಗೆ ಸರಿಯಾಗಿ ತಾಗಲ್ಲ. ಹಾಗಾಗಿ ಆ ಫೋಟೋ ನೋಡ್ಕೊಂಡು ಸರ್ವಿಸ್‌ನವರ ಮೇಲೆ ಮಾತು ಹೊರಿಸೋಕೆ ಬರಲ್ಲ ಭಾವ. ಮೊದಲು ಸರಿಯಾಗಿ ನೋಡೋಣ.

ಹೇಗೆ ನೋಡೋದು ಅಂದ್ರೆ, ಸೆಂಟರ್ ಸ್ಟ್ಯಾಂಡ್ ಹಾಕು, ಅದೂ ಸಮ ಇರೋ ಜಾಗದಲ್ಲಿ. ನಮ್ಮ ಅಂಗಳ ತೋಟದ ಕಡೆ ಇಳಿಜಾರು, ಅಲ್ಲಿ ಬೇಡ, ಜಗಲಿ ಪಕ್ಕ ಸಿಮೆಂಟ್ ಹಾಕಿದಾರಲ್ಲ, ಅಲ್ಲಿ ನಿಲ್ಲಿಸು. ಮೂರ್ನಾಲ್ಕು ನಿಮಿಷ ಇಂಜಿನ್ ಸುಮ್ಮನೆ ಓಡ್ಲಿ, ಎಕ್ಸಲೇಟರ್ ಕೊಡಬೇಡ. ಆಫ್ ಮಾಡಿ ಎರಡು ಮೂರು ನಿಮಿಷ ಬಿಡು. ಓಡ್ತಿರೋವಾಗ ಪಂಪ್ ಆಯಿಲನ್ನ ಇಂಜಿನ್ ಮೇಲ್ತುದಿ ಹೆಡ್ ತನಕ ಕಳಿಸಿರ್ತದೆ, ಅದು ಇಳಿದು ಕೆಳಗೆ ಸೇರಬೇಕು. ಆಮೇಲೆ ಕಡ್ಡಿ ಬಿಚ್ಚಿ, ಬಟ್ಟೇಲಿ ಒರೆಸಿ, ವಾಪಸ್ ಸುಮ್ಮನೆ ಇಳಿಸು. ತಿರುಗಿಸಿ ಟೈಟ್ ಮಾಡಬೇಡ. ಈ ಗಾಡಿಗೆ ಥ್ರೆಡ್ ಮೇಲೆ ಕೂರಿಸಿಟ್ಟು ನೋಡೋದೇ ಅಳತೆ. ಟೈಟ್ ಮಾಡಿದ್ರೆ ಕಡ್ಡಿ ಇನ್ನೂ ಒಳಗೆ ಹೋಗಿ, ಇಲ್ಲದ ಆಯಿಲ್ ಇದ್ದ ಹಾಗೆ ತೋರಿಸ್ತದೆ. ಎರಡು ಗೆರೆ ಮಧ್ಯ ಇದ್ರೆ ಸರಿ. ಪಲ್ಸರ್ ತರದ ಗಾಡಿಗಳಿಗೆ ಕಡ್ಡಿ ಬದಲು ಸಣ್ಣ ಗಾಜಿನ ಕಿಟಕಿ ಇರ್ತದೆ, ಅಲ್ಲೂ ಗಾಡಿ ನೆಟ್ಟಗೇ ನಿಂತಿರಬೇಕು.

ಇಷ್ಟು ಮಾಡಿದ ಮೇಲೂ ಕೆಳಗಿನ ಗೆರೆ ಮುಟ್ಟಲಿಲ್ಲ ಅಂದ್ರೆ ಆಯಿಲ್ ಹಾಕದೆ ಗಾಡಿ ತೆಗೀಬೇಡ. ಇದರಲ್ಲಿ ಅಂಗಡೀಲಿ ಸಿಗೋ 900 ಎಂಎಲ್ ಬಾಟಲಿ ಇದೆಯಲ್ಲ, ಹೆಚ್ಚು ಕಮ್ಮಿ ಅಷ್ಟೇ ಆಯಿಲ್ ಹಿಡಿಯೋದು. 300 ಎಂಎಲ್ ಹೋಯ್ತು ಅಂದ್ರೆ ಮೂರರಲ್ಲಿ ಒಂದು ಪಾಲೇ ಹೋಯ್ತು. ಕಾರಲ್ಲಿ ಮೂರು ನಾಲ್ಕು ಲೀಟರ್ ಇರ್ತದೆ, ಅಷ್ಟು ಹೋದ್ರೆ ಅದಕ್ಕೆ ಗೊತ್ತೂ ಆಗಲ್ಲ. ನಿನ್ನ ಗಾಡೀಲಿ ಆಯಿಲ್ ಕಮ್ಮಿ ಆಯ್ತು ಅಂತ ಹೇಳೋ ಲೈಟೂ ಇಲ್ಲ. ಕಡ್ಡಿ ಒಂದೇ ಗತಿ.

ಅಕ್ಕಾ, ಆ ಸ್ಕೂಟರ್ ಆಯಿಲ್ ಮಾತ್ರ ಬೇಡ. ಡಬ್ಬಿ ಹಿಂದೆ ನೋಡು, ಜಾಸೋ ಎಂಬಿ ಅಂತ ಇರ್ತದೆ, ಜಾಸೋ ಅಂದ್ರೆ ಆಯಿಲಿಗೆ ಜಪಾನಿನವರು ಮಾಡಿದ ಗ್ರೇಡ್. ಗೇರ್ ಗಾಡಿಗೆ ಜಾಸೋ ಎಂಎ ಅಥವಾ ಎಂಎ2 ಬೇಕು, ಆಯಿಲಿನ ಗಟ್ಟಿತನದ ನಂಬರ್ ಸ್ಪ್ಲೆಂಡರಿಗೆ 10ಡಬ್ಲ್ಯೂ30. ಬೈಕಲ್ಲಿ ಇಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್, ಕ್ಲಚ್ ಪ್ಲೇಟ್ ಅದರಲ್ಲೇ ಮುಳುಗಿರ್ತದೆ. ಸ್ಕೂಟರ್ ಆಯಿಲ್, ಕಾರ್ ಆಯಿಲ್ ಜಾರೋದು ಜಾಸ್ತಿ, ಕ್ಲಚ್ ಸ್ಲಿಪ್ ಆಗ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತೋವಾಗ ಇಂಜಿನ್ ಕೂಗ್ತದೆ, ಗಾಡಿ ಎಳಿಯಲ್ಲ. ಸರಿಯಾದ ಆಯಿಲನ್ನೂ ಒಂದೇ ಸಲ ಸುರೀಬೇಡ. 50 ಎಂಎಲ್ ಹಾಕು, ಸ್ವಲ್ಪ ಹೊತ್ತು ಬಿಟ್ಟು ನೋಡು, ಮತ್ತೆ ಹಾಕು. ಮೆಡಿಕಲ್ ಶಾಪಲ್ಲಿ ದೊಡ್ಡ ಸಿರಿಂಜ್ ಸಿಗ್ತದೆ, ಒಂದು ತಗೋ. ಮೇಲಿನ ಗೆರೆ ದಾಟಿದ್ರೂ ಕೇಡೇ. ಹೆಚ್ಚಾಗಿದ್ದು ಇಂಜಿನ್ ಉಸಿರು ಬಿಡೋ ಬ್ರೀದರ್ ಪೈಪಲ್ಲಿ ಏರ್ ಫಿಲ್ಟರಿಗೆ ಹೋಗಿ ಫಿಲ್ಟರ್ ಒದ್ದೆಯಾಗ್ತದೆ, ಆಯಿಲ್ ಸೀಲಿಗೂ ಪೆಟ್ಟು.

ಈಗ ಎಲ್ಲಿಗೆ ಹೋಗ್ತದೆ ಅನ್ನೋದು. ಎಲ್ಲಾ ಇಂಜಿನ್ನೂ ಸ್ವಲ್ಪ ಆಯಿಲ್ ಸುಡ್ತದೆ ಸಂತು, ಅದೇ ಒಂದು ರೋಗ ಅಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡೋವಾಗ ಬೋರ್, ಅಂದ್ರೆ ಅದು ಆಡೋ ಕೊಳವೆ, ಅದರ ಗೋಡೆ ಮೇಲೆ ಆಯಿಲಿನ ತೆಳು ಪದರ ಉಳೀಲೇಬೇಕು, ಇಲ್ಲಾಂದ್ರೆ ಜಾಮ್ ಆಗ್ತದೆ. ಪಿಸ್ಟನ್ ಸುತ್ತ ಇರೋ ರಿಂಗ್ ಅದನ್ನ ಕೆರೆದು ಕೆಳಗೆ ತರ್ತದೆ, ಉಳಿದ ಚೂರು ಪೆಟ್ರೋಲ್ ಜೊತೆ ಉರಿದು ಹೋಗ್ತದೆ. ರಿಂಗ್ ಸವೆದಷ್ಟೂ ಉರಿಯೋದು ಜಾಸ್ತಿ. ಇನ್ನೊಂದು ದಾರಿ ಮೇಲಿಂದ, ಗಾಳಿ ಹೊಗೆ ಹೋಗಿ ಬರೋ ಬಾಗಿಲು ವಾಲ್ವ್ ಇದೆಯಲ್ಲ, ಅದರ ಸೀಲ್. ಅದು ರಬ್ಬರ್, ವರ್ಷ ಆದ ಹಾಗೆ ಗಟ್ಟಿಯಾಗಿ ಹಿಡಿತ ತಪ್ತದೆ.

ನಿನ್ನ ಓಡಾಟಕ್ಕೆ ಇದು ತುಂಬಾ ಸಂಬಂಧ ಇದೆ. ಭಾನುವಾರ ಸಂಜೆ ಆಗುಂಬೆ ಇಳಿದು ಮಣಿಪಾಲಕ್ಕೆ ಹೋಗ್ತೀಯ. ಆ 14 ತಿರುವೂ ಎಕ್ಸಲೇಟರ್ ಬಿಟ್ಟು ಸೆಕೆಂಡ್ ಗೇರಲ್ಲಿ ಇಳಿಯೋದು ಸರಿಯೇ, ಬ್ರೇಕ್ ಉಳೀತದೆ, ಬಿಡಬೇಡ. ಆದ್ರೆ ಆಗ ಗಾಳಿ ಬರೋ ದಾರಿ ಮುಚ್ಚಿರ್ತದೆ, ಇಂಜಿನ್ ಜೋರಾಗಿ ತಿರುಗ್ತಿರ್ತದೆ, ಒಳಗೆ ಬಲವಾದ ಎಳೆತ ಹುಟ್ಟಿ ಸೀಲ್ ಸಂದಿಯಿಂದ, ರಿಂಗ್ ಸಂದಿಯಿಂದ ಆಯಿಲ್ ಒಳಗೆ ಎಳ್ಕೊಳ್ತದೆ. ಹಿಂದೆ ಬರೋ ಗೆಳೆಯನಿಗೆ ಒಂದು ಮಾತು ಹೇಳು: ಘಾಟಿ ಮುಗಿದು ಸೋಮೇಶ್ವರದ ಹತ್ರ ನೀನು ಮೊದಲ ಸಲ ಎಕ್ಸಲೇಟರ್ ಕೊಟ್ಟಾಗ ಸೈಲೆನ್ಸರ್ ನೋಡ್ಲಿ. ಒಂದು ಸಲ ಬುಸ್ ಅಂತ ನೀಲಿ ಹೊಗೆ ಬಂದು ನಿಂತ್ರೆ ವಾಲ್ವ್ ಸೀಲ್ ಮೇಲೆ ಅನುಮಾನ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದ್ ಸ್ವಲ್ಪ ನೀಲಿ ಬಂದ್ರೂ ಅದೇ. ಘಾಟಿ ಹತ್ತೋವಾಗ ಎಳೆದಷ್ಟೂ ನೀಲಿ ಹೊಗೆ ಬರ್ತಾನೇ ಇದ್ರೆ ರಿಂಗ್, ಬೋರ್. ಎರಡರ ಖರ್ಚೂ ಬೇರೆ ಬೇರೆ, ಅದಕ್ಕೆ ಇದನ್ನ ನೋಡಿಕೊಂಡೇ ಮೆಕ್ಯಾನಿಕ್ ಹತ್ರ ಹೋಗು ಅನ್ನೋದು. ಚಳೀಲಿ ಬರೋ ಬಿಳಿ ಆವಿಗೆ ಹೆದರಬೇಡ.

ಇನ್ನೊಂದು ವಿಷ್ಯ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ವಾರ ಪೂರ್ತಿ ರೂಮಿಂದ ಆಫೀಸಿಗೆ ಒಂದೆರಡು ಕಿಲೋಮೀಟರ್ ಅಷ್ಟೇ ನೀನು ಓಡಿಸೋದು. ಇಂಜಿನ್ ಸರಿಯಾಗಿ ಬಿಸಿನೇ ಆಗಲ್ಲ. ಚೋಕ್ ಎಳೆದಾಗ ಉರಿಯದೆ ಉಳಿದ ಪೆಟ್ರೋಲ್, ಮಳೆಗಾಲದ ತೇವ, ಎಲ್ಲಾ ಆಯಿಲಿಗೇ ಸೇರ್ತದೆ. ಕಡ್ಡೀಲಿ ನೋಡಿದ್ರೆ ಲೆವೆಲ್ ಸರಿ ಇದೆ ಅನ್ಸ್ತದೆ. ಶನಿವಾರ ಊರಿಗೆ ಅಂತ ಒಂದೇ ಸಮ ಓಡಿಸಿದಾಗ ಇಂಜಿನ್ ಚೆನ್ನಾಗಿ ಕಾದು ಅದೆಲ್ಲ ಆವಿಯಾಗಿ ಹೋಗ್ತದೆ, ಮನೆಗೆ ಬಂದು ನೋಡಿದ್ರೆ ಒಂದೇ ದಿನಕ್ಕೆ ಆಯಿಲ್ ಇಳಿದ ಹಾಗೆ ಕಾಣ್ತದೆ. ಅದಕ್ಕೇ ಕಡ್ಡಿ ಯಾವಾಗ್ಲೂ ಮೂಸಿ ನೋಡು. ಪೆಟ್ರೋಲ್ ವಾಸನೆ ಜೋರಾಗಿದ್ರೆ, ಅಥವಾ ಲೆವೆಲ್ ಏರ್ತಾ ಹೋದ್ರೆ, ಪೆಟ್ರೋಲ್ ಬರೋದನ್ನ ತಡೆಯೋ ಕಾರ್ಬೊರೇಟರ್ ನೀಡಲ್ ನೋಡಿಸಬೇಕು. ಆ ಆಯಿಲ್ ತೆಗೆದು ಹೊಸದೇ ಹಾಕಬೇಕು, ಟಾಪ್ ಅಪ್ ಮಾಡಿ ಪ್ರಯೋಜನ ಇಲ್ಲ. ಕ್ಯಾಪ್ ಅಡಿ ಹಾಲಿನ ಕೆನೆ ತರ ಕಟ್ಟಿದ್ರೆ ನೀರು ಸೇರಿದೆ ಅಂತ. ಬಣ್ಣ ಕಪ್ಪಾಗೋದಕ್ಕೆ ಮಾತ್ರ ತಲೆ ಕೆಡಿಸ್ಕೋಬೇಡ, ಮಸಿ ಹಿಡಿಯೋದೇ ಆಯಿಲಿನ ಕೆಲಸ.

ಲೀಕ್ ಇಲ್ಲ ಅಂದ್ಯಲ್ಲ, ಅದನ್ನೂ ಒಂದು ಸಲ ಸರಿಯಾಗಿ ನೋಡು. ರಾತ್ರಿ ಗಾಡಿ ಅಡಿ ರಟ್ಟು ಹಾಸು. ಡ್ರೈನ್ ನಟ್ ಸುತ್ತ, ಮುಂದಿನ ಸ್ಪ್ರಾಕೆಟ್ ಕವರ್ ಒಳಗೆ, ಗೇರ್ ಲಿವರ್ ಬುಡದಲ್ಲಿ ಬೆರಳು ಹಾಕಿ ನೋಡು. ಓಡೋವಾಗ ಮಾತ್ರ ಒಸರೋ ಸೀಲೂ ಇರ್ತದೆ, ಅದು ಧೂಳು ಹಿಡಿದು ಚೈನ್ ಗ್ರೀಸ್ ತರ ಕಾಣ್ತದೆ.

ಇಷ್ಟಾದ ಮೇಲೆ ಲೆಕ್ಕ ಇಡು. ಇವತ್ತು ಮೇಲಿನ ಗೆರೆ ತನಕ ತುಂಬಿಸಿ ಮೀಟರ್ ಫೋಟೋ ತೆಗಿ. ಸಾವಿರ ಕಿಲೋಮೀಟರ್ ಆದಮೇಲೆ ಅದೇ ಜಾಗ, ಅದೇ ಕ್ರಮ, ಆ ಗೆರೆಗೆ ತರೋಕೆ ಎಷ್ಟು ಎಂಎಲ್ ಹಿಡೀತು ಅಂತ ಬರ್ಕೋ. ಮಧ್ಯದಲ್ಲಿ ವಾರಕ್ಕೊಂದು ಸಲ ಕಡ್ಡಿ ನೋಡ್ತಿರು. ಇಷ್ಟು ಹಳೇ ಇಂಜಿನ್ ಸಾವಿರಕ್ಕೆ 100 ಎಂಎಲ್ ಒಳಗೆ ಕುಡಿದ್ರೆ ನಾನಾದ್ರೆ ಬಿಚ್ಚಲ್ಲ, ಹಾಕ್ಕೊಂಡು ಓಡಿಸ್ತೀನಿ. 200 ದಾಟಿದ್ರೆ, ಅಥವಾ ಸಲ ಸಲಕ್ಕೂ ಏರ್ತಾ ಹೋದ್ರೆ ಮೆಕ್ಯಾನಿಕ್‌ಗೆ ಹೇಳಿ ಪ್ಲಗ್ ತೆಗೆಸು. ಒದ್ದೆ ಒದ್ದೆ ಎಣ್ಣೆ ಇದ್ರೆ ಕಂಪ್ರೆಷನ್, ಅಂದ್ರೆ ಬೋರ್ ಒಳಗಿನ ಒತ್ತಡ, ಚೆಕ್ ಮಾಡಿಸಿ ಆಮೇಲೆ ಬೋರ್ ಮಾತು. ಯಾರಾದ್ರೂ ನೋಡಿದ ಕೂಡ್ಲೇ ಬೋರ್ ಕಿಟ್ ಬದಲಾಯಿಸ್ಬೇಕು ಅಂದ್ರೆ ಒಪ್ಪಬೇಡ, ನಂಗೆ ಫೋನ್ ಕೊಡು, ನಾನೇ ಮಾತಾಡ್ತೀನಿ.