ಸರ್ವರ್ ಕಮಾಂಡ್ ಲೈನ್ ಪ್ರಶ್ನೋತ್ತರ: ರಾಯಚೂರು, ಕೊಪ್ಪಳ, ಬಳ್ಳಾರಿ ಗುಂಪು

ಸಿಂಧನೂರು: ಸರ್, ವಿಂಡೋಸ್ 10 ಲ್ಯಾಪ್‌ಟಾಪ್‌ನಿಂದ ಉಬುಂಟು (ಲಿನಕ್ಸ್) ಸರ್ವರ್‌ಗೆ ಹೋಗಾಕ ಪುಟ್ಟಿ ಸಾಫ್ಟ್‌ವೇರ್ ಹಾಕ್ಲೇಬೇಕೇನ್ರಿ?

ಉತ್ತರ: ಬೇಕಿಲ್ಲ. ಪವರ್‌ಶೆಲ್‌ನಾಗ ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಲಾಗಿನ್ ಆಗೋ ಕಮಾಂಡ್) ಐತಿ. ಎಸ್‌ಎಸ್‌ಎಚ್-ಕೀಜೆನ್‌ನಿಂದ ಇಡಿ25519 ಕೀ ಮಾಡ್ರಿ, ಪಾಸ್‌ಫ್ರೇಸ್ ಇಡ್ರಿ. ಪಬ್ ಫೈಲಿನ ಸಾಲಷ್ಟೇ ಸರ್ವರ್‌ನ ಆಥರೈಸ್ಡ್ ಕೀಸ್ ಫೈಲಿಗೆ ಹಾಕ್ರಿ. ಇನ್ನೊಂದು ಫೈಲು (ಪ್ರೈವೇಟ್ ಕೀ) ಯಾರಿಗೂ ವಾಟ್ಸಾಪ್ ಮಾಡಬ್ಯಾಡ್ರಿ.

ಕುಷ್ಟಗಿ: ಪುಟ್ಟಿನೇ ಚಲೋ. ಸೆಷನ್ ಉಳಿಸಿಟ್ಕೋಬಹುದು.

ಸಿರಗುಪ್ಪ: ಕಾನ್ಫಿಗ್ ಫೈಲಿನಾಗ ನಾಲ್ಕು ಸಾಲು ಬರೆದ್ರ ಇದರಾಗೂ ಉಳೀತೈತಿ. ಪಿಪಿಕೆ (ಪುಟ್ಟಿಯ ಬ್ಯಾರೆ ನಮೂನಿ ಕೀ ಫೈಲು) ತಾಪತ್ರಯ ಇಲ್ಲ.

ಮಾನ್ವಿ: ಬ್ಯಾಕಪ್ ಸ್ಕ್ರಿಪ್ಟ್ ಕೈಯಿಂದ ಓಡತೈತಿ, ಕ್ರಾನ್‌ನಾಗ (ಹೊತ್ತಿಗೆ ಸರಿಯಾಗಿ ತಾನೇ ಓಡಿಸೋದು) ಹಾಕಿದ್ರ 'ಕಮಾಂಡ್ ನಾಟ್ ಫೌಂಡ್'.

ಉತ್ತರ: ಕ್ರಾನ್ ನಿಮ್ಮ ಬ್ಯಾಷ್‌ಆರ್‌ಸಿ (ಲಾಗಿನ್ ಸೆಟ್ಟಿಂಗ್ ಫೈಲು) ಓದಂಗಿಲ್ಲ. ಕಮಾಂಡಿಗೆ ಪೂರ್ತಿ ಪಾತ್ ಬರೀರಿ. ಕ್ರಾಂಟ್ಯಾಬ್ ಸಾಲಿನಾಗ ತಾರೀಕಿಗೆ ಶೇಕಡಾ ಗುರುತು ಇದ್ರ ಆ ಗುರುತಿಗಿಂತ ಮೊದಲ ಬ್ಯಾಕ್‌ಸ್ಲ್ಯಾಷ್ ಹಾಕ್ರಿ, ಇಲ್ಲಾಂದ್ರ ಅಲ್ಲಿಗೇ ಕಮಾಂಡ್ ತುಂಡಾಗತೈತಿ.



ಗಂಗಾವತಿ: ಅರ್ಜೆಂಟ್ ಸರ್. ಅಕ್ಕಿ ಗಿರಣಿ ಸರ್ವರ್, ಉಬುಂಟು, ಪೋಸ್ಟ್‌ಗ್ರೆಸ್ ಡೇಟಾಬೇಸ್. 'ಪರ್ಮಿಷನ್ ಡಿನೈಡ್' ಬಂತಂತ ಫಾರ್ವರ್ಡ್ ನೋಡಿ ರೂಟ್ (ಸರ್ವರ್‌ನ ಮುಖ್ಯ ಯೂಸರ್) ಆಗಿ ಸಿಎಚ್‌ಮೋಡ್ -ಆರ್ 777 / ಹೊಡದ್ವಿ, ಎಲ್ಲಾ ಫೈಲಿಗೂ ಎಲ್ಲರಿಗೂ ಪೂರ್ತಿ ಪರವಾನಗಿ. ಈಗ ಸುಡೋ (ರೂಟ್ ಅಧಿಕಾರದಾಗ ಕಮಾಂಡ್ ಓಡಿಸೋದು) ನಡೀವಲ್ದು, ಹೊಸ ಲಾಗಿನ್ನೂ ಇಲ್ಲ. ಒಂದು ರೂಟ್ ಕಿಟಕಿ ತೆರೆದೈತಿ. ರೀಬೂಟ್ ಮಾಡ್ಲೇನ್ರಿ?

ಉತ್ತರ: ಬ್ಯಾಡ! ಆ ಕಿಟಕಿ ಮುಚ್ಚಬ್ಯಾಡ್ರಿ, ಲ್ಯಾಪ್‌ಟಾಪ್ ಚಾರ್ಜಿಗೆ ಹಚ್ರಿ. ಪೋಸ್ಟ್‌ಗ್ರೆಸ್ ಓಡ್ತಿದ್ರ ಓಡ್ಲಿ. ನಿಲ್ಲಿಸಿದ್ರ ಮತ್ತ ಏಳಂಗಿಲ್ಲ: ಡೇಟಾ ಡೈರೆಕ್ಟರಿ 700 ಇಲ್ಲಾ 750 ಇರದಿದ್ರ ಅದು ಶುರುವಾಗಾಕ ಒಪ್ಪಂಗಿಲ್ಲ. ಮೊದಲ ಪೋಸ್ಟ್‌ಗ್ರೆಸ್ ಯೂಸರ್ ಆಗಿ ಪಿಜಿ ಡಂಪಾಲ್ (ಪೂರ್ತಿ ಡೇಟಾಬೇಸ್ ಪ್ರತಿ) ತೆಗೀರಿ, ಪೆನ್‌ಡ್ರೈವಿಗೆ ಹಾಕ್ರಿ.

777 ಹೊಡದಾಗ ಸುಡೋದ ಸೆಟ್‌ಯುಐಡಿ ಬಿಟ್ (ರೂಟ್ ಅಧಿಕಾರ ಕೊಡೋ ಗುರುತು) ಹಾರಿಹೋತು, ಅದಕ್ಕ ನಡೀವಲ್ದು. ಈಗ ಸಿಎಚ್‌ಮೋಡ್‌ನಿಂದ ಒಂದೊಂದಕ್ಕೂ ಸರಿ ನಂಬರ್ ಹಾಕ್ರಿ: ಸುಡೋ, ಎಸ್‌ಯು ಎರಡಕ್ಕೂ 4755. ಸುಡೋಯರ್ಸ್ 440, ಸುಡೋದ ಪ್ಲಗಿನ್ ಸುಡೋಯರ್ಸ್ ಡಾಟ್ ಎಸ್‌ಒ 644, ಶ್ಯಾಡೋ 640, ಟಿಎಂಪಿ 1777. ಇಟಿಸಿ ಎಸ್‌ಎಸ್‌ಎಚ್ ಒಳಗಿನ ಹೋಸ್ಟ್ ಕೀಗಳಲ್ಲಿ ಪಬ್ ಇಲ್ಲದವಕ್ಕ 600, ರನ್ ಒಳಗಿನ ಎಸ್‌ಎಸ್‌ಎಚ್‌ಡಿ ಡೈರೆಕ್ಟರಿಗೆ 755. ನಿಮ್ಮ ಹೋಮ್ 755, ಅದರಾಗಿನ ಡಾಟ್ ಎಸ್‌ಎಸ್‌ಎಚ್ 700, ಆಥರೈಸ್ಡ್ ಕೀಸ್ 600. ಪೋಸ್ಟ್‌ಗ್ರೆಸ್‌ನ ಡೇಟಾ ಡೈರೆಕ್ಟರಿ 700, ಎಸ್‌ಎಸ್‌ಎಲ್ ಪ್ರೈವೇಟ್ ಕೀ 640. ಇದನ್ನ ಎಲ್ಲಾರೂ ಮರೀತಾರ. ಆಮೇಲೆ ಎಸ್‌ಎಸ್‌ಎಚ್‌ಡಿ -ಟಿ ಹೊಡೀರಿ. ಏನೂ ಹೇಳದಿದ್ರ ಸರಿ ಐತಿ ಅಂತ.

ಇಷ್ಟಕ್ಕ ಸರ್ವರ್ ರಿಪೇರಿ ಆತು ಅನ್ಕೋಬ್ಯಾಡ್ರಿ. ಇದು ಡೇಟಾ ಉಳಿಸ್ಕೊಳ್ಳಾಕಷ್ಟೇ. ರಾಕಿ ಲಿನಕ್ಸ್ ಆಗಿದ್ರ ಪರವಾನಗಿ ವಾಪಸ್ ಹಾಕೋ ಆರ್‌ಪಿಎಂ ಸೆಟ್‌ಪರ್ಮ್ಸ್ ಕಮಾಂಡ್ ಇತ್ತು. ಉಬುಂಟುದಾಗ ಹೊಸದಾಗಿ ಇನ್‌ಸ್ಟಾಲ್ ಮಾಡಿ ಡಂಪ್ ರಿಸ್ಟೋರ್ ಮಾಡೋದೇ ದಾರಿ.

ಲಿಂಗಸುಗೂರು: ಸರ್, ನಮ್ಮದೂ ಕ್ರಾನ್ ಓಡವಲ್ದು.

ಉತ್ತರ: ಮೇಲೆ ಐತಿ, ಓದ್ರಿ.

ಕುಷ್ಟಗಿ: 777 ಆದಮ್ಯಾಲೆ 755 ಹೊಡದ್ರ ಎಲ್ಲಾ ಸರಿಯಾಗತೈತಿ. ಇನ್ನೊಂದು ಗುಂಪಿನಾಗ ಬಂದಿತ್ತು, ಹಾಕ್ಲಾ?

ಉತ್ತರ: ಹಾಕಬ್ಯಾಡ್ರಿ. 755 ಹೊಡದ್ರ ಸೆಟ್‌ಯುಐಡಿ ವಾಪಸ್ ಬರಂಗಿಲ್ಲ, ಪ್ರೈವೇಟ್ ಕೀ ಎಲ್ಲರೂ ಓದೋ ಹಂಗೇ ಉಳೀತಾವ. ಇಂಥಾ ಫಾರ್ವರ್ಡಿನಿಂದನೇ ಗಿರಣಿ ಸರ್ವರ್ ಈ ಗತಿಗೆ ಬಂದದ್ದು.

ಸಿರಗುಪ್ಪ: ಪುಟ್ಟಿ ಮಂದಿಗೆ ಫಾರ್ವರ್ಡೇ ಮ್ಯಾನುವಲ್.

ಕುಷ್ಟಗಿ: ನೀವು ಭಾಳ ಶಾಣ್ಯಾ ಅದೀರಿ, ಗೊತ್ತಾತು. ಪುಟ್ಟಿಗೂ 777ಗೂ ಏನ್ರಿ ಸಂಬಂಧ?

ಸಿರಗುಪ್ಪ: ಸಂಬಂಧ ನಿಮ್ಮಿಂದ ಬಂತಲ್ಲ.

ಉತ್ತರ: ಇಬ್ಬರೂ ಹೊರಗ ಜಗಳಾಡ್ರಿ. ಗಂಗಾವತಿ ಏನಾತು?

ಗಂಗಾವತಿ: ಎರಡನೇ ಕಿಟಕಿಯಿಂದ ಲಾಗಿನ್ ಆತ್ರಿ, ಸುಡೋನೂ ನಡದೈತಿ. ಮೊದಲನೇದು ಮುಚ್ಚಲೇನ್ರಿ?

ಉತ್ತರ: ಇನ್ನೂ ಬ್ಯಾಡ. ಡಂಪ್ ಬ್ಯಾರೆ ಕಂಪ್ಯೂಟರ್‌ನಾಗ ರಿಸ್ಟೋರ್ ಮಾಡಿ ನೋಡ್ರಿ ಮೊದಲ.