‘ನೂರು ವರ್ಷಕ್ಕೊಮ್ಮೆ ಬರುವ ಬಿಸಿಲು’: ಹವಾಮಾನ ತಜ್ಞೆಯನ್ನು ಕೇಳಿ

ಬಳ್ಳಾರಿ ಸದಸ್ಯ: ಮೇಡಂ, ಕೋಳಿ ಶೆಡ್ ಕಟ್ಟಿಸುತ್ತಿದ್ದೇನೆ. 30 ವರ್ಷದ ದಿನದಿನದ ತಾಪಮಾನಕ್ಕೆ ಬೆಲ್ ಕರ್ವ್ (ಗಂಟೆಯಾಕಾರದ ರೇಖೆ) ಹಾಕಿದ ಎಂಜಿನಿಯರ್, 46 ಡಿಗ್ರಿ ನೂರು ವರ್ಷಕ್ಕೊಮ್ಮೆ ಅಂದರು. ಮಂಜಿನಂತೆ ನೀರು ಚಿಮುಕಿಸುವ ಫಾಗರ್ ಖರ್ಚು ಉಳಿಸಬಹುದಾ?

ತಜ್ಞೆ: ದಯವಿಟ್ಟು ಉಳಿಸಬೇಡಿ. ನೂರು ವರ್ಷಕ್ಕೊಮ್ಮೆ ಅಂದರೆ ಪ್ರತಿ ವರ್ಷವೂ ನೂರಕ್ಕೆ ಒಂದರ ಸಾಧ್ಯತೆ. ಶೆಡ್ 30 ವರ್ಷ ನಿಂತರೆ, ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26. ಅದೂ ಆ ಲೆಕ್ಕ ಸರಿಯಿದ್ದರೆ. ನನಗೆ ಭಯ ಆ ಲೆಕ್ಕದ ಬಗ್ಗೆಯೇ. ಎಲ್ಲ ದಿನ ಸೇರಿಸಿದರೆ ಜುಲೈ, ಡಿಸೆಂಬರ್ ದಿನಗಳೇ ರೇಖೆಯ ಆಕಾರ ತೀರ್ಮಾನಿಸುತ್ತವೆ. ನಮಗೆ ಬೇಕಿರುವುದು ಅತಿ ಬಿಸಿ ದಿನಗಳಿರುವ ತುದಿ. ಪ್ರತಿ ವರ್ಷದ ಅತಿ ಬಿಸಿ ದಿನ ಮಾತ್ರ ತೆಗೆದುಕೊಂಡು, ವಿಪರೀತಗಳಿಗೆಂದೇ ಇರುವ ಜಿಇವಿ ರೇಖೆ ಹೊಂದಿಸಲು ಹೇಳಿ. ಭೂಮಿ ಬಿಸಿಯಾಗುತ್ತಿರುವುದನ್ನೂ ಸೇರಿಸಬೇಕು. ನಕ್ಷೆಯನ್ನು ಚೌಕಗಳಾಗಿ ಹಂಚಿ ಕೊಡುವ ಗ್ರಿಡ್ ಡೇಟಾ ಬಳಸಿದ್ದರೆ ಅದು ಇಡೀ ಚೌಕದ ಸರಾಸರಿ, ತುದಿ ತಗ್ಗಿರುತ್ತದೆ.

ಹೀಗೆ ಮಾಡಿದರೂ ಎಚ್ಚರ ಬೇಕು. ಕೆನಡಾದ ದಾಖಲೆ 1937ರಿಂದ 45 ಡಿಗ್ರಿ ಇತ್ತು. 2021ರ ಜೂನ್ 29ರಂದು ಅಲ್ಲಿನ ಲಿಟ್ಟನ್ ಊರಲ್ಲಿ 49.6 ಆಯಿತು. ಹಳೆಯ ಅಂಕಿಗಳಿಗೆ ಹೊಂದಿಸಿದ ರೇಖೆ ಅಷ್ಟು ಬಿಸಿ ಸಾಧ್ಯವೇ ಇಲ್ಲ ಅನ್ನುತ್ತಿತ್ತು. ಮರುದಿನ ಕಾಡ್ಗಿಚ್ಚು ಆ ಊರನ್ನೇ ಸುಟ್ಟಿತು.

ತುಮಕೂರು ಸದಸ್ಯ: ನನ್ನ ಕಾರು 46 ತೋರಿಸಿತು, ಹವಾಮಾನ ಇಲಾಖೆ 39 ಅನ್ನುತ್ತೆ. ಸುಳ್ಳಲ್ವಾ?

ತಜ್ಞೆ: ಅಲ್ಲ. ಇಲಾಖೆ ಅಳೆಯುವುದು ನೆರಳಿನ ಪೆಟ್ಟಿಗೆಯೊಳಗಿನ ಗಾಳಿಯನ್ನು. ಕಾರಿಗೆ ತಾಗಿದ್ದು ಟಾರು ರಸ್ತೆಯ ಕಾವು.

ತುಮಕೂರು ಸದಸ್ಯ: ದೆಹಲಿ ಮುಂಗೇಶಪುರದಲ್ಲಿ ದಾಖಲಾದ 52.9 ಡಿಗ್ರಿ ಕೂಡ ಮುಚ್ಚಿಹಾಕಿದರು!

ಮೈಸೂರು ಸದಸ್ಯೆ: ಸುಮ್ನೆ ಏನೇನೋ ಹೇಳಬೇಡಿ. ಸೆನ್ಸರ್ 3 ಡಿಗ್ರಿ ಜಾಸ್ತಿ ತೋರಿಸಿತ್ತು ಅಂತ ಪರೀಕ್ಷಿಸಿಯೇ ಹೇಳಿದರು.

ತುಮಕೂರು ಸದಸ್ಯ: ನಿಮಗೆ ಸರ್ಕಾರ ಹೇಳಿದ್ದೆಲ್ಲ ವೇದವಾಕ್ಯ.

ಮೈಸೂರು ಸದಸ್ಯೆ: ನಿಮಗೆ ಕಾರು ಹೇಳಿದ್ದು.

ತಜ್ಞೆ: ಸಾಕು, ಇಬ್ಬರೂ. ಅಂಥ ಒಂದು ತಪ್ಪು ಅಂಕಿ ಪಟ್ಟಿ ಸೇರಿದರೆ ನೂರು ವರ್ಷದ ಲೆಕ್ಕ ಪೂರ್ತಿ ಕೆಡುತ್ತದೆ. ಪರೀಕ್ಷಿಸುವುದು ಅದಕ್ಕೇ.

ಕಾರವಾರ ಸದಸ್ಯೆ: ಕರಾವಳಿಯ ಸೆಕೆಗೂ ಹೀಗೇ ಲೆಕ್ಕ ಹಾಕಬಹುದಾ ಮೇಡಂ?

ಹುಬ್ಬಳ್ಳಿ ಸದಸ್ಯ: ಫಾರ್ವರ್ಡ್ ಬಂದಿದೆ. ಮೇ 22ರಿಂದ 28 ಈಕ್ವಿನಾಕ್ಸ್ ಅಂತೆ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳಿ.

ತಜ್ಞೆ: ಇದು ಮೂರನೇ ಸಲ. ಈಕ್ವಿನಾಕ್ಸ್, ಅಂದರೆ ಹಗಲು ರಾತ್ರಿ ಸಮವಾಗುವ ದಿನ, ಬರುವುದು ಮಾರ್ಚ್, ಸೆಪ್ಟೆಂಬರ್‌ನಲ್ಲಿ. ಈರುಳ್ಳಿ ನಂಬಿ ಬಿಸಿಲಿಗೆ ಹೋದವರು ಜೀವ ಕಳೆದುಕೊಳ್ಳಬಹುದು. ಯಾರಾದರೂ ಬಿಸಿಲಲ್ಲಿ ತೊದಲಿದರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ. ನೆರಳಿಗೆ ತಂದು ಮೈಗೆ ನೀರು ಹಾಕಿ. ಆ ಮೆಸೇಜ್ ಅಳಿಸಿ.

ಹುಬ್ಬಳ್ಳಿ ಸದಸ್ಯ: ನಮ್ಮಜ್ಜಿ ಇಡುತ್ತಿದ್ದರು.

ಬಳ್ಳಾರಿ ಸದಸ್ಯ: ಹಾಗಾದರೆ 46 ಯಾವ ವರ್ಷ ಬರುತ್ತೆ ಮೇಡಂ?

ತಜ್ಞೆ: ವರ್ಷ ಹೇಳಲಾಗದು. ಮೇಲೆ ಬರೆದಿದ್ದೇನೆ, ಓದಿ. ಫಾಗರ್ ಹಾಕಿಸಿ.