ನ್ಯೂಕ್ಲಿಯರ್ ಸ್ಕ್ಯಾನ್‌ನ ‘ಬಾಡಿ ಔಟ್‌ಲೈನ್’: ಅಂಚು ಅನ್ನಬೇಕೇ, ಹೊರಗೆರೆ ಅನ್ನಬೇಕೇ?

ಎಲ್ಲರಿಗೂ ನಮಸ್ಕಾರ.

ನ್ಯೂಕ್ಲಿಯರ್ ಮೆಡಿಸಿನ್ ಸ್ಕ್ಯಾನ್‌ಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಬಾಡಿ ಔಟ್‌ಲೈನ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಚುಕ್ಕೆ ಚುಕ್ಕೆಯಾದ, ಮಸುಕಾದ ಚಿತ್ರದಲ್ಲಿ ರೋಗಿಯ ಮೈ ಎಲ್ಲಿಗೆ ಮುಗಿಯಿತು ಎಂದು ಕಂಪ್ಯೂಟರ್ ಕಂಡುಕೊಳ್ಳಬೇಕು, ಅಷ್ಟೇ ಕೆಲಸ. ಇದಕ್ಕೆ ಅಂಚು, ಎಲ್ಲೆ, ಹೊರಗೆರೆ, ಬಾಹ್ಯರೇಖೆ, ರೂಪರೇಖೆ ಎಲ್ಲವೂ ಕೈಗೆ ಸಿಗುತ್ತವೆ. ‘ರೂಪರೇಖೆ’ಯನ್ನು ಮೊದಲೇ ಬಿಟ್ಟೆ. ಅದು ಈಗ ಯೋಜನೆಗಳ ಪಾಲಾಗಿದೆ, ಅಲ್ವಾ? ಉಳಿದವುಗಳಲ್ಲಿ ಯಾವುದು ಸರಿ ಎಂದು ಕೇಳುವ ಮೊದಲು, ಆ ಗೆರೆಯ ಪಾಡು ಏನು ಅಂತ ಸ್ವಲ್ಪ ಹೇಳಬೇಕು.

ಎಕ್ಸ್‌-ರೇ ಹೊರಗಿನಿಂದ ಬಂದು ಮೈಯನ್ನು ಹಾದುಹೋಗುತ್ತದೆ. ಹಾಗಾಗಿ ಚರ್ಮ ಮುಗಿಯುವಲ್ಲಿ ಚಿತ್ರದಲ್ಲೂ ಒಂದು ಅಂಚು ಕಾಣುತ್ತದೆ. ನ್ಯೂಕ್ಲಿಯರ್ ಸ್ಕ್ಯಾನ್ ತೆಗೆಯುವ ಗಾಮಾ ಕ್ಯಾಮೆರಾದ ಕಥೆ ಬೇರೆ. ಇಲ್ಲಿ ಮದ್ದು ಮೈಯೊಳಗೆ ಹೋಗುತ್ತದೆ. ಬಹಳ ಸಲ ಅದು ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ಧಾತು ಬೆರೆತ ಮದ್ದು. ಅದು ಎಲ್ಲಿ ಹೋಗಿ ಕೂರುತ್ತದೋ ಅಲ್ಲಿಂದ 140 ಕಿಲೋ ಎಲೆಕ್ಟ್ರಾನ್‌ ವೋಲ್ಟ್‌ನ ಗಾಮಾ ಕಿರಣ ಹೊರಡುತ್ತದೆ. ಕ್ಯಾಮೆರಾ ಅದನ್ನು ಒಂದೊಂದಾಗಿ ಎಣಿಸುತ್ತದೆ. ಮೂಳೆ ಸ್ಕ್ಯಾನ್ ಆದರೆ ಮೂಳೆ ಹೊಳೆಯುತ್ತದೆ. ಚರ್ಮದ ಹತ್ತಿರ ಮದ್ದು ತೀರಾ ಕಡಿಮೆ. ಅಂದರೆ ನಾವು ಹುಡುಕುತ್ತಿರುವ ಗೆರೆ ಚಿತ್ರದಲ್ಲಿ ಸರಿಯಾಗಿ ಮೂಡಿಯೇ ಇರುವುದಿಲ್ಲ.

ಮತ್ತೆ ಯಾಕೆ ಬೇಕು? ಕಿರಣ ಮೈಯಿಂದ ಹೊರಬರುವಷ್ಟರಲ್ಲಿ ಸೋರಿಹೋಗುತ್ತದೆ. 10 ಸೆಂಟಿಮೀಟರ್ ನೀರನ್ನು ದಾಟುವಾಗ ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಮಾತ್ರ ನೇರವಾಗಿ ಉಳಿಯುತ್ತದೆ. ಈ ನಷ್ಟವನ್ನು ತುಂಬಿಕೊಳ್ಳಲು 1978ರಲ್ಲಿ ಚಾಂಗ್ ಎಂಬುವರು ಒಂದು ಲೆಕ್ಕ ಕೊಟ್ಟರು. ಅದಕ್ಕೆ ಪ್ರತಿ ಬಿಂದುವೂ ಮೈಯ ಮೇಲ್ಮೈಯಿಂದ ಎಷ್ಟು ಆಳದಲ್ಲಿದೆ ಎಂದು ಗೊತ್ತಿರಬೇಕು. ಗೆರೆ ಒಂದು ಸೆಂಟಿಮೀಟರ್ ಆಚೆ ಬಿದ್ದರೂ ಆ ದಿಕ್ಕಿನ ಲೆಕ್ಕ ಶೇ 15ರ ಆಸುಪಾಸು ಕೆಡುತ್ತದೆ. ಈಗ ಸಿಟಿ (ಎಕ್ಸ್‌-ರೇಯಿಂದ ಮೈಯ ಅಡ್ಡಸೀಳು ಚಿತ್ರ ತೆಗೆಯುವ ಸ್ಕ್ಯಾನ್) ಜೊತೆಗೂಡಿದ ಯಂತ್ರಗಳು ಈ ಗೆರೆಯನ್ನು ಸಲೀಸಾಗಿ ಕೊಡುತ್ತವೆ. ಆದರೆ ಸಿಟಿ ಇಲ್ಲದ ಕಡೆ ಅದೇ ಮಸುಕು ಚಿತ್ರದಿಂದಲೇ ಹೆಕ್ಕಬೇಕು.

ಹೆಕ್ಕುವುದು ಸುಲಭವಲ್ಲ. ಅತಿ ಹೊಳೆಯುವ ಬಿಂದುವಿನ ಇಂತಿಷ್ಟು ಪಾಲಿಗಿಂತ ಕೆಳಗಿನದ್ದೆಲ್ಲ ಹೊರಗೆ ಅಂದುಕೊಂಡರೆ, ಮೂತ್ರಕೋಶದಲ್ಲಿ ಮದ್ದು ತುಂಬಿದಾಗ ಕೈಕಾಲೇ ಮಾಯವಾಗಬಹುದು. ಚಿತ್ರವನ್ನು ನಯ ಮಾಡಿದರೆ ಚುಕ್ಕೆ ಕಡಿಮೆಯಾಗುತ್ತವೆ, ಜೊತೆಗೆ ಮೈಯೂ ಹೊರಕ್ಕೆ ಹರಡುತ್ತದೆ. ಇದರಲ್ಲಿ ನನಗೆ ಹಿಡಿಸಿದ ಉಪಾಯ ಒಂದಿದೆ. ದಾರಿಯಲ್ಲಿ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಂಡ ಕಿರಣಗಳನ್ನು ಸಾಮಾನ್ಯವಾಗಿ ಕಸ ಎಂದು ಬಿಡುತ್ತಾರೆ. ಅವನ್ನೇ ಬೇರೆಯಾಗಿ ಎಣಿಸಿ ಚಿತ್ರ ಮಾಡಿದರೆ, ಅವು ಮೈ ತುಂಬಾ ಹರಡಿಕೊಂಡಿರುವುದರಿಂದ ಆಕಾರ ಚೆನ್ನಾಗಿ ಕಾಣುತ್ತದೆ.

ಇನ್ನು ಪದಕ್ಕೆ ಬರೋಣ. ಅಂಚು ಅಂದಾಗ ವಸ್ತುವಿನಲ್ಲಿ ಇದ್ದೇ ಇರುವಂಥದ್ದು ನೆನಪಾಗುತ್ತದೆ: ತಟ್ಟೆಯ ಅಂಚು, ರಸ್ತೆಯ ಅಂಚು. ಚಿತ್ರದ ಮಾತಿನಲ್ಲಿ ಬೆಳಕು ತಟ್ಟನೆ ಬದಲಾಗುವ ಜಾಗಕ್ಕೆ ಅದು ಒಪ್ಪುತ್ತದೆ. ಯಕೃತ್ತಿಗೂ ಅಂಚುಂಟು. ಚುಕ್ಕೆಗೂ ಉಂಟು. ಅಂಚು ನಡುವೆ ತುಂಡಾದರೂ ಅಂಚೇ. ನಮಗೆ ಬೇಕಾದ್ದು ಮೈಯನ್ನು ಸುತ್ತಿ ಬಂದು ಮತ್ತೆ ತನ್ನನ್ನೇ ಕೂಡುವ ಗೆರೆ. ಅದಕ್ಕೆ ‘ಹೊರಗೆರೆ’ ಎಂದು ಬರೆದಿದ್ದೇನೆ. ಪೆಟ್ ಎಂಬ ಇನ್ನೊಂದು ಬಗೆಯ ನ್ಯೂಕ್ಲಿಯರ್ ಸ್ಕ್ಯಾನ್‌ನಲ್ಲಿ ಗಡ್ಡೆಯ ಸುತ್ತ, ಅದರ ಅತಿ ಹೊಳೆಯುವ ಬಿಂದುವಿನ ಶೇ 40ರ ಮಟ್ಟದಲ್ಲಿ ‘ಕಾಂಟೂರ್’ ಎಳೆಯುತ್ತಾರಲ್ಲ, ಅದು ಮೂರನೆಯದು. ಒಂದೇ ಬೆಲೆಯ ಬಿಂದುಗಳನ್ನು ಸೇರಿಸುವ ಗೆರೆ. ಭೂಗೋಳದ ‘ಸಮೋನ್ನತ ರೇಖೆ’ಯ ಜಾತಿ. ಮೂರನ್ನೂ ‘ಬಾಹ್ಯರೇಖೆ’ ಎಂದರೆ ಓದುಗರಿಗೆ ಗೊಂದಲವೇ ಸರಿ.

ಚಿತ್ರದ ಈ ಚುಕ್ಕೆ ಚುಕ್ಕೆತನಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ನಾಯ್ಸ್’ ಇನ್ನೂ ಕಾಡುತ್ತಿದೆ. ‘ಶಬ್ದ ತುಂಬಿದ ಚಿತ್ರ’ ಅಂದರೆ ಅಕ್ಷರ ತುಂಬಿದ ಚಿತ್ರ ಅನ್ನಿಸೀತು. ಗದ್ದಲ ಪರವಾಗಿಲ್ಲ, ಆದರೆ ಯಾರೋ ಹೊರಗಿನಿಂದ ಮಾಡಿದಂತಿದೆ. ಇಲ್ಲಿಯದು ಎಣಿಕೆಯೊಳಗೇ ಹುಟ್ಟುವಂಥದ್ದು, ಒಣ ನೆಲದ ಮೇಲೆ ಮಳೆಯ ಮೊದಲ ಹನಿಗಳು ಹೇಗೆಂದರೆ ಹಾಗೆ ಬಿದ್ದಂತೆ. ಒಂದು ಜಾಗದಲ್ಲಿ 100 ಎಣಿಕೆ ಬಂದರೆ ಸುಮಾರು 10ರಷ್ಟು ಹೆಚ್ಚುಕಡಿಮೆ, 9 ಬಂದರೆ 3ರಷ್ಟು. ಅಂದರೆ ಮೊದಲನೆಯದರಲ್ಲಿ ಹತ್ತರಲ್ಲೊಂದು ಪಾಲು, ಎರಡನೆಯದರಲ್ಲಿ ಮೂರರಲ್ಲೊಂದು. ಎಣಿಕೆ ಕಡಿಮೆಯಾದಷ್ಟೂ ನಂಬಿಕೆ ಕಡಿಮೆ, ಮೈಯ ಕೊನೆಯಲ್ಲಿ ಅದೇ ಪಾಡು. ಅದಕ್ಕೆ ‘ಏರುಪೇರು’ ಎಂದರೆ ಹೇಗೆ? ಸ್ಕ್ಯಾನ್ ವಿಭಾಗದಲ್ಲಿ ಕೆಲಸ ಮಾಡುವವರು ಈ ಮೇಲಿಂಗ್ ಪಟ್ಟಿಯಲ್ಲಿದ್ದರೆ, ನಿಮ್ಮ ನಿಮ್ಮಲ್ಲಿ ಏನನ್ನುತ್ತೀರಿ ಹೇಳಿ. ಕಾಳುಕಾಳು ಅಂತೀರೋ, ಸುಮ್ನೆ ನಾಯ್ಸ್ ಅಂತೀರೋ?

ಕ್ರಿಯಾಪದದ ಬಗ್ಗೆಯೂ ಒಂದು ಮಾತು ಬೇಕು. ‘ಹೊರಗೆರೆ ಪತ್ತೆ’ ಅಂದರೆ ಗೆರೆ ಎಲ್ಲೋ ಅಡಗಿ ಕೂತಿದೆ ಅನ್ನಿಸುತ್ತದೆ. ‘ಹೊರಗೆರೆ ಅಂದಾಜು’ ನಿಜಕ್ಕೆ ಹತ್ತಿರ, ಆದರೆ ಕಿವಿಗೆ ಸಪ್ಪೆ. ‘ಹೊರಗೆರೆ ಕಟ್ಟುವುದು’ ಅಂದರೆ ನಡೆದೀತೇ?